ಕಾಫಿ ಕಪ್ಪಿನ ಕೆಳಗೆ ಒದ್ದೆ ಉಂಗುರ: ತಪ್ಪು ಗ್ಲೇಜಿನದಾ, ಮಣ್ಣಿನದಾ?

ಬೋಗಾದಿ ತಿಗರಿ:

ನಮಸ್ಕಾರ. ಮನೆ ಮೈಸೂರಿನ ಬೋಗಾದಿ ಕಡೆ. ಕಾರ್ ಶೆಡ್ಡನ್ನೇ ಸ್ಟುಡಿಯೋ ಮಾಡಿಕೊಂಡಿದ್ದೇನೆ, ಕಾರು ಪಾಪ ರಸ್ತೆ ಮೇಲೆ ಬಿಸಿಲು ಕಾಯುತ್ತಿದೆ. ಒಂದು ಮೋಟಾರ್ ತಿಗರಿ, ಎರಡು ಕಬ್ಬಿಣದ ರ‍್ಯಾಕು, ಯಾರೋ ಬಳಸಿ ಬಿಟ್ಟ ಒಂದು ಎಲೆಕ್ಟ್ರಿಕ್ ಕಿಲ್ನ್, ಅಂದರೆ ಮಣ್ಣಿನ ಸಾಮಾನು ಸುಡುವ ಗೂಡು. 5.5 ಕಿಲೋವ್ಯಾಟ್, ಸಿಂಗಲ್ ಫೇಸ್, ಒಳಗೆ ಎರಡು ಶೆಲ್ಫ್ ಕೂರುತ್ತವೆ. ಕಲಿತಿದ್ದು ಸ್ವಲ್ಪ ವಾರಾಂತ್ಯದ ಕ್ಲಾಸಿನಲ್ಲಿ, ಉಳಿದಿದ್ದು ವಿಡಿಯೋ ನೋಡಿ, ಮಣ್ಣು ಹಾಳು ಮಾಡಿ.

ಸಮಸ್ಯೆ ಹೀಗಿದೆ. ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೆ 12 ಸ್ಟೋನ್‌ವೇರ್ ಕಪ್ ಮಾಡಿಕೊಟ್ಟೆ. ಬಿಳಿ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ), ಒಳಗೂ ಹೊರಗೂ, ತಳದ ಅಂಚು ಮಾತ್ರ ಖಾಲಿ. ನೋಡಲು ಚೆನ್ನಾಗಿಯೇ ಇದ್ದವು, ಹೊಳಪು ಸ್ವಲ್ಪ ಮಬ್ಬು ಅನ್ನಿಸಿತ್ತು ಅಷ್ಟೆ. ಎರಡು ವಾರ ಆದಮೇಲೆ ಚಿಕ್ಕಮ್ಮ ಫೋನ್ ಮಾಡಿ "ಏನೇ ಇದು, ನಿನ್ನ ಕಪ್ಪು ಬೆವರ್ತಾವೆ" ಅಂದರು. ಹೋಗಿ ನೋಡಿದೆ. ಟೀಪಾಯಿ ಮೇಲೆ ಪೇಪರ್ ಹಾಸಿ ಕಾಫಿ ಹಾಕಿಟ್ಟರೆ ಕಾಲು ಗಂಟೆಯಲ್ಲಿ ಪೇಪರ್ ಮೇಲೆ ದುಂಡಗೆ ಒದ್ದೆ ಉಂಗುರ. ಟೀಪಾಯಿ ತೇಗದ್ದು, ಹೊಸದು. ನನ್ನ ಮುಖ ನೋಡಬೇಕಿತ್ತು ನೀವು.

ಇನ್ನೆರಡು ವಿಷಯ. ಮೈಕ್ರೋವೇವಿನಲ್ಲಿ ಹಾಲು ಬಿಸಿ ಮಾಡಿದರೆ ಹಾಲಿಗಿಂತ ಹಿಡಿ ಜಾಸ್ತಿ ಸುಡುತ್ತದಂತೆ. ಮತ್ತೆ ಗ್ಲೇಜಿನ ಮೇಲೆ ಕೂದಲೆಳೆ ಥರ ಗೆರೆ ಬಂದಿವೆ. ಕಿಲ್ನ್‌ನಿಂದ ತೆಗೆದಾಗ ಆ ಗೆರೆ ಇರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ನಾನು ಸುಡುವುದು ಹೀಗೆ: ಮೊದಲ ಸುಡುವಿಕೆ 1000 ಡಿಗ್ರಿ, ಗ್ಲೇಜ್ ಹಾಕಿ 1200 ಡಿಗ್ರಿ. ಮೀಟರಿನಲ್ಲಿ 1200 ಬಂದ ತಕ್ಷಣ ತಾನೇ ಆಫ್ ಆಗುವ ಹಾಗೆ ಇಟ್ಟಿದ್ದೇನೆ. ಮಣ್ಣಿನ ಚೀಲದ ಮೇಲೆ 1200 ರಿಂದ 1240 ಎಂದು ಬರೆದಿದೆ, ಹಾಗಾಗಿ ಕರೆಂಟು ಉಳಿಯಲಿ ಎಂದು ಕಮ್ಮಿಯದನ್ನೇ ಹಿಡಿದೆ. ಇದೇ ಬ್ಯಾಚಿನ ಎರಡು ಕಪ್ ನನ್ನ ಹತ್ತಿರ ಉಳಿದಿದ್ದವು, ಅವಕ್ಕೆ ಇನ್ನೊಂದು ಕೋಟ್ ಗ್ಲೇಜ್ ಹಾಕಿ ಮತ್ತೆ ಸುಟ್ಟೆ. ಒಂದು ಈಗಲೂ ಬೆವರುತ್ತದೆ. ಇನ್ನೊಂದು ಪರವಾಗಿಲ್ಲ.

ಒಂದು ಹೋಂಸ್ಟೇಯವರು 40 ಕಪ್ ಕೇಳಿದ್ದಾರೆ, ದಸರಾ ಒಳಗೆ ಬೇಕು. ಗ್ಲೇಜ್ ಬದಲಾಯಿಸಲಾ? ತಳಕ್ಕೂ ಗ್ಲೇಜ್ ಹಚ್ಚಿಬಿಡಲಾ? ಮಣ್ಣೇ ಸರಿ ಇಲ್ಲವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸಂಡೇ ಪೇಂಟರ್:

ಫುಡ್ ಗ್ರೇಡ್ ಸೀಲರ್ ಸಿಗುತ್ತದೆ ಮೇಡಂ, ತಳಕ್ಕೆ ಎರಡು ಕೋಟ್ ಹಚ್ಚಿದರೆ ಆಯಿತು. ನನ್ನ ಹೂಕುಂಡಕ್ಕೆ ಹಾಗೇ ಮಾಡಿದ್ದೆ, ಒಂದು ಹನಿ ಸೋರಿಲ್ಲ.

ಹಳೇ ಭರಣಿ:

ಸೀಲರ್ ಹೂಕುಂಡಕ್ಕೆ ಸರಿ. ದಿನಕ್ಕೆ ಎರಡು ಸಲ ಬಿಸಿ ಕಾಫಿ ಕುಡಿದು ಸೋಪು ಹಾಕಿ ಉಜ್ಜುವ ಕಪ್ಪಿಗೆ ಬೇಡ. ಕೆಲವೇ ದಿನಕ್ಕೆ ಎದ್ದು ಬರುತ್ತದೆ. ತಳಕ್ಕೆ ಗ್ಲೇಜ್ ಹಚ್ಚುವ ಯೋಚನೆಯನ್ನೂ ಬಿಡಿ, ಕಪ್ಪು ಶೆಲ್ಫಿಗೆ ಅಂಟಿಕೊಂಡು ಎರಡೂ ಹೋಗುತ್ತವೆ.

ಮೇಡಂ, ನಿಮ್ಮ ಕಪ್ಪು ಬೆಂದಿಲ್ಲ. ಇಷ್ಟೇ ವಿಷಯ. ಗ್ಲೇಜಿನ ಮೇಲೆ ಅನುಮಾನ ಪಡಬೇಡಿ, ಅದು ಮೇಲಿನ ಅಂಗಿ. ನೀರು ಹಿಡಿಯಬೇಕಾದ್ದು ಒಳಗಿನ ಮೈ. ಸ್ಟೋನ್‌ವೇರ್ ಮಣ್ಣಿನಲ್ಲಿ ಫೆಲ್ಡ್‌ಸ್ಪಾರ್ ಇರುತ್ತದೆ, ಅದು ಬಿಸಿಗೆ ಕರಗಿ ಗಾಜಿನಂತಾಗಿ ಸಂದುಗಳನ್ನೆಲ್ಲ ಮುಚ್ಚಬೇಕು. ಆಗಲೇ ಅದು ಕಲ್ಲಿನಂತಾಗುವುದು, ಗ್ಲೇಜ್ ಇಲ್ಲದಿದ್ದರೂ ನೀರು ನಿಲ್ಲುವುದು. ಅಜ್ಜಿ ಮನೆ ಅಟ್ಟದಲ್ಲಿ ಉಪ್ಪಿನಕಾಯಿ ಜಾಡಿ ಇದ್ದರೆ ಇಳಿಸಿ ನೋಡಿ, ಅರ್ಧ ಕಂದು ಅರ್ಧ ಕೆನೆ ಬಣ್ಣದ್ದು. ನಮ್ಮಲ್ಲಿ ಅದಕ್ಕೆಲ್ಲ ಪಿಂಗಾಣಿ ಅನ್ನುತ್ತೇವೆ, ಆದರೆ ಅದು ಪಕ್ಕಾ ಸ್ಟೋನ್‌ವೇರ್. ಬೆರಳಿನ ಗೆಣ್ಣಿನಿಂದ ತಟ್ಟಿ. ಠಣ್ ಅನ್ನುತ್ತದೆ. ಈಗ ನಿಮ್ಮ ಕಪ್ ತಟ್ಟಿ. ಡಬ್ ಅಂದರೆ ನಾನು ಹೇಳಿದ್ದು ಸರಿ.

ನೀವು ಹೇಳಿದ ಮೂರೂ ಲಕ್ಷಣ ಒಂದೇ ಕಡೆ ಬೆರಳು ತೋರಿಸುತ್ತವೆ. ಕಪ್ಪು ತೊಳೆಯುವಾಗ ತಳದ ಖಾಲಿ ಅಂಚಿನಿಂದ ನೀರು ಮೈಯೊಳಗೆ ಹೋಗುತ್ತದೆ. ಆ ನೀರೇ ಮೈಕ್ರೋವೇವಿನಲ್ಲಿ ಕಾದು ಹಿಡಿ ಸುಡುವುದು. ತೇವ ಕುಡಿದ ಮೈ ನಿಧಾನವಾಗಿ ಊದಿಕೊಳ್ಳುತ್ತದೆ, ಕಣ್ಣಿಗೆ ಕಾಣದಷ್ಟು. ಗ್ಲೇಜು ಗಾಜು, ಅದಕ್ಕೆ ಹಿಗ್ಗಲು ಆಗುವುದಿಲ್ಲ, ಚಿಟ್ಟೆಂದು ಬಿರಿಯುತ್ತದೆ. ಅದಕ್ಕೇ ನಿಮ್ಮ ಗೆರೆ ಮೊದಲ ದಿನ ಇಲ್ಲದೆ ಎರಡು ವಾರದ ಮೇಲೆ ಬಂದಿದ್ದು. ಬಿರಿದ ಗೆರೆಯಿಂದ ಕಾಫಿ ಒಳಗೆ, ಒಳಗಿಂದ ತಳಕ್ಕೆ, ತಳದಿಂದ ಚಿಕ್ಕಮ್ಮನ ಟೀಪಾಯಿಗೆ.

ಒಂದು ಪ್ರಶ್ನೆ. ಬೆವರುವ ಕಪ್ಪು ಯಾವ ಶೆಲ್ಫಿನಲ್ಲಿತ್ತು, ಸರಿ ಇರುವುದು ಯಾವ ಶೆಲ್ಫಿನಲ್ಲಿತ್ತು? ನೆನಪು ಮಾಡಿಕೊಳ್ಳಿ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗ್ಲೇಜ್ ಹಚ್ಚದೆ ಆ ಬ್ಯಾಚಿನ ಜೊತೆಗೇ ಸುಟ್ಟ ತುಂಡು ಇದ್ದರೆ ತೆಗೆಯಿರಿ, ದೊಡ್ಡದಿದ್ದಷ್ಟು ಒಳ್ಳೆಯದು, ಏಕೆಂದರೆ ಅಡುಗೆ ಮನೆ ತಕ್ಕಡಿ ಒಂದು ಗ್ರಾಂಗಿಂತ ಕೆಳಗೆ ತೋರಿಸುವುದಿಲ್ಲ. ಚೆನ್ನಾಗಿ ಒಣಗಿಸಿ ತೂಗಿ. ಆಮೇಲೆ ನೀರಲ್ಲಿ ಕುದಿಸಿ. ಲ್ಯಾಬಿನಲ್ಲಿ 5 ಗಂಟೆ ಕುದಿಸಿ 24 ಗಂಟೆ ಅದೇ ನೀರಿನಲ್ಲಿ ಬಿಡುತ್ತಾರೆ. ತೆಗೆದು ಬಟ್ಟೆಯಲ್ಲಿ ಮೇಲಿನ ತೇವ ಒರೆಸಿ ಮತ್ತೆ ತೂಗಿ. ಜಾಸ್ತಿಯಾದ ತೂಕವನ್ನು ಒಣ ತೂಕದಿಂದ ಭಾಗಿಸಿ 100 ರಿಂದ ಗುಣಿಸಿದರೆ ನೀರು ಹೀರುವ ಶೇಕಡಾ ಬರುತ್ತದೆ. ಕಪ್ಪು ತಟ್ಟೆಗೆ 2ಕ್ಕಿಂತ ಕೆಳಗಿರಲಿ. 5 ಬಂದರೆ ಅದು ಸ್ಟೋನ್‌ವೇರ್ ಅಲ್ಲ, ಹೆಸರು ಬದಲಾಯಿಸಿಕೊಂಡ ಮಡಕೆ.

ಇನ್ನು ಕೋನ್ (ಇಂತಿಷ್ಟು ಬೆಂದಾಗ ಬಾಗುವ, ನಂಬರ್ ಹಾಕಿದ ಸಣ್ಣ ಮಣ್ಣಿನ ಕಡ್ಡಿ) ಇಲ್ಲದೆ ಕಿಲ್ನ್ ಹಚ್ಚಬೇಡಿ. ಆ ಮೀಟರ್ ಹೇಳುವುದು ತನ್ನ ತಂತಿಯ ತುದಿಯಲ್ಲಿ ಎಷ್ಟು ಬಿಸಿ ಅಂತ ಮಾತ್ರ, ನಿಮ್ಮ ಕಪ್ಪು ಎಷ್ಟು ಬೆಂದಿದೆ ಅಂತಲ್ಲ. ಆರ್ಟನ್ 6ನೇ ನಂಬರ್ ಕೋನ್ ಕೊನೆಯ ಹಂತದಲ್ಲಿ ಗಂಟೆಗೆ 60 ಡಿಗ್ರಿ ಏರಿಸಿದರೆ 1222ರ ಹತ್ತಿರ ಬಾಗುತ್ತದೆ, ಗಂಟೆಗೆ 150 ಓಡಿಸಿದರೆ 1243 ಬೇಕಾಗುತ್ತದೆ. ಒಂದೇ ಕೋನ್, ಎರಡು ಬೇರೆ ಬೇರೆ ಅಂಕಿ. ನಿಮ್ಮ 1200, ಅದೂ ನಿಲ್ಲಿಸದೆ, 5ನೇ ಕೋನಿನ ಆಸುಪಾಸು. ನಿಮ್ಮ ಮಣ್ಣು 6ಕ್ಕೆ ಮಾಡಿದ್ದು ಅನ್ನಿಸುತ್ತದೆ. ಚೀಲದ ಮೇಲಿನ ಕೆಳಗಿನ ಅಂಕಿ ಮಾರುವವರ ಅಂಕಿ, ಮೇಲಿನ ಅಂಕಿ ಮಾಡುವವರ ಅಂಕಿ.

ಮದ್ದೂರು ಕಡೆಯವನು:

ಮೇಲಿನವರು ಹೇಳಿದ್ದು ಓದಿ ನಗು ಬಂತು. ನಮ್ಮದು ಕುಂಬಾರರ ಮನೆ, ನಮ್ಮಪ್ಪ ಈಗಲೂ ಬೇಸಿಗೆಗೆ ನೀರಿನ ಮಡಕೆ ಮಾಡುತ್ತಾರೆ. ನಮ್ಮಲ್ಲಿ ಮಡಕೆ ಬೆವರದಿದ್ದರೆ ಗಿರಾಕಿ ವಾಪಸ್ ತರುತ್ತಾರೆ, ನಿಮ್ಮಲ್ಲಿ ಬೆವರಿದರೆ ವಾಪಸ್ ತರುತ್ತಾರೆ! ಬೆವರಿದ ನೀರು ಗಾಳಿಗೆ ಆರುವುದಕ್ಕೇ ಅಲ್ವಾ ಒಳಗಿನ ನೀರು ತಣ್ಣಗಾಗುವುದು.

ಕೋನ್ ವಿಷಯ ನನಗೆ ಅರ್ಥವಾಗಿದ್ದು ಆಲೆಮನೆಯಿಂದ. ನಮ್ಮ ಪಕ್ಕದಲ್ಲೇ ಒಂದಿದೆ. ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿಯುವಾಗ ಅಲ್ಲಿನ ಹಿರಿಯರು ಯಾವ ಮೀಟರೂ ಇಡುವುದಿಲ್ಲ. ಒಂದಿಷ್ಟು ಪಾಕ ತೆಗೆದು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಉಂಡೆ ಕಟ್ಟಿತಾ, ಇಳಿಸು. ಕೋನ್ ಅಂದರೆ ಅದೇ. ಕಪ್ಪಿನಂಥದೇ ಸಾಮಾನನ್ನು ಕಪ್ಪಿನ ಪಕ್ಕವೇ ಇಟ್ಟು, ಅದು ಬಾಗಿತಾ ಅಂತ ನೋಡುವುದು.

ನನ್ನ ಚಿಕ್ಕಪ್ಪನ ಮಗ ಬೆಳಗಾವಿ ಜಿಲ್ಲೆ ಖಾನಾಪುರದಲ್ಲಿ ಖಾದಿ ಆಯೋಗದವರ ಕುಂಬಾರಿಕೆ ಸಂಸ್ಥೆ ಇದೆಯಲ್ಲ, ಅಲ್ಲಿ ತರಬೇತಿಗೆ ಹೋಗಿ ಬಂದ. ಅವನು ಬಂದ ಮೇಲೆ ನಾವೂ ಸ್ವಲ್ಪ ಗ್ಲೇಜ್ ಕೆಲಸ ಶುರು ಮಾಡಿದೆವು. ಮೊದಲ ಹುಚ್ಚು ಏನು ಗೊತ್ತಾ, ನಮ್ಮ ಕೆರೆ ಮಣ್ಣಿನ ಕುಡಿಕೆಯನ್ನೇ 1200ಕ್ಕೆ ಸುಟ್ಟಿದ್ದು. ತೆಗೆದು ನೋಡಿದರೆ ಕುಡಿಕೆಯೇ ಇಲ್ಲ. ಶೆಲ್ಫ್ ಮೇಲೆ ಗುಳ್ಳೆ ಎದ್ದ ಕಪ್ಪು ಹೋಳಿಗೆ ಥರ ಹರಡಿಕೊಂಡಿತ್ತು. ಕೆರೆ ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ನಮ್ಮ ಆವಿಗೆಯ ಬಿಸಿಗೆ ಅದು ಸರಿ, ಅಷ್ಟು ಮೇಲಕ್ಕೆ ಹೋದರೆ ಕರಗಿ ಹೋಗುತ್ತದೆ. ಅಪ್ಪ ನೋಡಿ ಏನೂ ಹೇಳಲಿಲ್ಲ. ಸುಮ್ನೆ ಎದ್ದು ಹೋಗಿ ಬೀಡಿ ಹಚ್ಚಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಇಲ್ಲಿ ದೊಣ್ಣೆಯೂ ನಮ್ಮದೇ.

ಆದರೆ ಆ ಕರಗಿದ್ದೇ ಉಪಯೋಗಕ್ಕೆ ಬಂತು. ಅದೇ ಕೆರೆ ಮಣ್ಣನ್ನು ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫ್ರಿಟ್ (ಕರಗಿಸಿ ಪುಡಿ ಮಾಡಿದ ಗಾಜು) ಸೇರಿಸಿ ಸ್ಟೋನ್‌ವೇರ್ ಕಪ್ಪಿನ ಮೇಲೆ ಹಚ್ಚಿದರೆ ಒಳ್ಳೆ ಕಾಫಿ ಡಿಕಾಕ್ಷನ್ ಬಣ್ಣದ ಗ್ಲೇಜ್. ಮಾಡುವುದಾದರೆ ಕಪ್ಪಿನ ಕೆಳಗೆ ಒಂದು ಹಳೆ ತಟ್ಟೆ ಇಡಿ, ಹರಿದರೆ ಶೆಲ್ಫ್ ಉಳಿಯುತ್ತದೆ.

ಅಂದ ಹಾಗೆ ಆಷಾಢ ಬರುತ್ತಿದೆ, ಕಾರ್ ಶೆಡ್ಡು ಅಂದರೆ ಒಂದು ಕಡೆ ತೆರೆದಿರುತ್ತದೆ. ಆ ಗಾಳಿಗೆ ಕಪ್ಪು ಒಂದು ಮಗ್ಗುಲು ಒಣಗಿ ಇನ್ನೊಂದು ಮಗ್ಗುಲು ಹಸಿ ಇರುತ್ತದೆ, ಹಿಡಿ ಅಂಟಿಸಿದ ಜಾಗದಲ್ಲಿ ಬಿರುಕು ಗ್ಯಾರಂಟಿ. ಮೇಲೆ ಪ್ಲಾಸ್ಟಿಕ್ ಸಡಿಲವಾಗಿ ಹೊದಿಸಿ, ಮಾರನೇ ದಿನ ಕಪ್ಪುಗಳನ್ನು ಬೋರಲು ಹಾಕಿ. ಅಂಚು ಬೇಗ ಒಣಗುತ್ತದೆ, ತಳ ನಿಧಾನ, ಅದಕ್ಕೆ. ತಳದಲ್ಲಿ ಹಾವಿನ ಥರ ಬಿರುಕು ಬರುತ್ತಿದ್ದರೆ ತಿಗರಿ ಮೇಲೇ ತಳವನ್ನು ಬೆರಳಿನಿಂದ ಒತ್ತಿ ಒತ್ತಿ ಗಟ್ಟಿ ಮಾಡಿಲ್ಲ ಎಂದು ಅರ್ಥ.

ಬೋಗಾದಿ ತಿಗರಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶೆಲ್ಫ್ ಪ್ರಶ್ನೆ ಕೇಳಿ ಮೈ ಜುಮ್ ಅಂತು. ನನ್ನ ಹತ್ತಿರ ಇರುವ ಎರಡರಲ್ಲಿ ಬೆವರುವುದು ಕೆಳಗಿನ ಶೆಲ್ಫಿನದು, ಪರವಾಗಿಲ್ಲದ್ದು ಮೇಲಿನದು. ಹೇಗೆ ಗೊತ್ತು ಅಂದರೆ ಕೆಳಗಿನದರ ಹಿಡಿ ಸ್ವಲ್ಪ ಸೊಟ್ಟ, ನಾಚಿಕೆಗೆ ಅದನ್ನು ಕೆಳಗೆ ಇಟ್ಟಿದ್ದೆ.

ಗ್ಲೇಜ್ ಇಲ್ಲದ ಒಂದು ಸಣ್ಣ ತಟ್ಟೆ ಸಿಕ್ಕಿತು, ಅದೇ ಬ್ಯಾಚು, ಕೆಳಗಿನ ಶೆಲ್ಫು. ಒಣಗಿದಾಗ 212 ಗ್ರಾಂ. ಇಂಡಕ್ಷನ್ ಮೇಲೆ 5 ಗಂಟೆ ಕುದಿಸಿದೆ. ಅತ್ತೆ ಎರಡು ಸಲ ಬಂದು ಮುಚ್ಚಳ ತೆಗೆದು ನೋಡಿ, "ಇದು ಯಾವ ಹೊಸ ಅಡುಗೆ" ಎಂದು ಕೇಳಿದರು. ಮರುದಿನ ಒರೆಸಿ ತೂಗಿದರೆ 224. ಅಂದರೆ 5.7 ಶೇಕಡಾ ಅಲ್ವಾ? ಹೆಸರು ಬದಲಾಯಿಸಿಕೊಂಡ ಮಡಕೆ!

ಕೋನ್ ತರಿಸಿದೆ, 5, 6, 7. ಎರಡು ಶೆಲ್ಫಿಗೂ ಒಂದೊಂದು ಸೆಟ್ ಇಟ್ಟು, ಮೊದಲಿನ ಹಾಗೆಯೇ 1200ಕ್ಕೆ ಸುಟ್ಟೆ, ಏನಾಗುತ್ತದೆ ನೋಡೋಣ ಎಂದು. ಮೇಲೆ 5 ಅರ್ಧ ಬಾಗಿದೆ, 6 ಮತ್ತು 7 ನೆಟ್ಟಗೆ. ಕೆಳಗೆ ಮೂರೂ ಶಿಸ್ತಾಗಿ ನಿಂತಿವೆ, ಪರೇಡಿನ ಹಾಗೆ. ಮೀಟರ್ ಮಾತ್ರ 1200 ಎಂದು ಹೇಳುತ್ತಲೇ ಇತ್ತು.

ಇನ್ನೊಂದು ತೊಂದರೆ. ಮೊನ್ನೆ 1222ಕ್ಕೆ ಇಟ್ಟು ಸಂಜೆ ಹಚ್ಚಿದೆ, ಕಿಲ್ನ್ 1190ರ ಹತ್ತಿರ ಹೋಗಿ ಅಲ್ಲೇ ಕೂತುಬಿಟ್ಟಿತು. ಮುಂದಕ್ಕೆ ಹೋಗಲಿಲ್ಲ. ಎರಡು ಗಂಟೆ ಕಾದು ಆಫ್ ಮಾಡಿದೆ. ಕಿಲ್ನ್ ಕೆಟ್ಟಿದೆಯಾ?

ಫೇಸ್ ನ್ಯೂಟ್ರಲ್:

ಮಣ್ಣು ಗೊತ್ತಿಲ್ಲ, ವೈರಿಂಗ್ ಗೊತ್ತು, ಆದ್ದರಿಂದ ಇದು ನನಗೆ ಬಿಡಿ.

ಮೇಡಂ, 5.5 ಕಿಲೋವ್ಯಾಟ್ ಅನ್ನುವುದು 230 ವೋಲ್ಟ್ ಇದ್ದಾಗ. ಆಗ ಅದು 24 ಆಂಪ್ಸ್ ಎಳೆಯುತ್ತದೆ. ವೋಲ್ಟೇಜ್ ಇಳಿದರೆ ಪವರ್ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ, ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 200 ವೋಲ್ಟ್ ಬಂದರೆ ನಿಮಗೆ ಸಿಗುವುದು ಬರೀ 4.2 ಕಿಲೋವ್ಯಾಟ್. ವೋಲ್ಟೇಜಿನಲ್ಲಿ ಹೋಗಿದ್ದು 13 ಪರ್ಸೆಂಟು, ಪವರಿನಲ್ಲಿ ಹೋಗಿದ್ದು ಹತ್ತಿರ ಹತ್ತಿರ ಕಾಲು ಭಾಗ. ಸಂಜೆ ಏಳರಿಂದ ಹತ್ತರವರೆಗೆ ಇಡೀ ಬೀದಿ ಲೈಟು, ಟಿವಿ, ಗೀಸರ್ ಹಾಕಿರುತ್ತದೆ. ಮೇಲಿನ ಬಿಸಿಯಲ್ಲಿ ಗೋಡೆಯಿಂದ ಹೊರಗೆ ಹೋಗುವ ಶಾಖವೂ ಜಾಸ್ತಿ, ಒಳಗೆ ಬರುವಷ್ಟೇ ಹೊರಗೆ ಹೋದರೆ ಮೀಟರ್ ಅಲ್ಲೇ ನಿಲ್ಲುತ್ತದೆ. ಬೆಳಗಿನ ಜಾವ ಕಿಲ್ನ್ ಮೇಲಿನ ಬಿಸಿಗೆ ಬರುವ ಹಾಗೆ ರಾತ್ರಿ ಹತ್ತು ಹನ್ನೊಂದಕ್ಕೆ ಹಚ್ಚಿ.

ಸೆಕೆಂಡ್ ಹ್ಯಾಂಡ್ ಅಂದಿರಿ. ಕಾಯಿಲ್ ಹಳೆಯದಾದರೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಕರೆಂಟು ಕಮ್ಮಿ ಎಳೆಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಕ್ಲ್ಯಾಂಪ್ ಮೀಟರ್ ಹಾಕಿಸಿ. ವೋಲ್ಟೇಜ್ ಸರಿ ಇರುವಾಗಲೂ 24ರ ಬದಲು 20, 21 ಆಂಪ್ಸ್ ತೋರಿಸಿದರೆ ಕಾಯಿಲ್ ಬದಲಾಯಿಸುವ ಟೈಮು. ಬದಲಾಯಿಸುವಾಗ ಒಂದನ್ನೇ ಅಲ್ಲ, ಪೂರ್ತಿ ಸೆಟ್.

ಈಗ ನನಗೆ ಭಯ ಆಗುವ ಪ್ರಶ್ನೆ. ಕಿಲ್ನ್ ಯಾವುದಕ್ಕೆ ಚುಚ್ಚಿದ್ದೀರಿ? ಗೀಸರ್ ಪ್ಲಗ್ಗಿಗಾ? ಆ ಪ್ಲಗ್ಗು 16 ಆಂಪ್ಸಿನದು, 24 ಆಂಪ್ಸ್ ಎಂಟು ಗಂಟೆ ಹೊರುವುದಕ್ಕೆ ಅಲ್ಲ. ಮೀಟರ್ ಬೋರ್ಡಿನಿಂದ ನೇರ ಬೇರೆ ಲೈನ್ ಎಳೆಸಿ, 6 ಸ್ಕ್ವೇರ್ ಎಂಎಂ ತಾಮ್ರದ ವೈರ್, 32 ಆಂಪ್ಸ್ ಎಂಸಿಬಿ (ಲೋಡ್ ಜಾಸ್ತಿಯಾದರೆ ಬೀಳುವ ಸ್ವಿಚ್ಚು), ಜೊತೆಗೆ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು), ಒಳ್ಳೆ ಅರ್ಥಿಂಗ್. ಮನೆಯ ಮಂಜೂರಾದ ಲೋಡು 2 ಅಥವಾ 3 ಕಿಲೋವ್ಯಾಟ್ ಇದ್ದರೆ ಸೆಸ್ಕ್ (ಮೈಸೂರು ಕಡೆಯ ವಿದ್ಯುತ್ ಕಂಪನಿ) ಆಫೀಸಿಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಿ. ಸಾಧ್ಯವಾದರೆ ತ್ರೀ ಫೇಸ್ ತೆಗೆದುಕೊಳ್ಳಿ, ಮುಂದೆ ದೊಡ್ಡ ಕಿಲ್ನ್ ಆಸೆ ಹುಟ್ಟೇ ಹುಟ್ಟುತ್ತದೆ.

ಬೋಗಾದಿ ತಿಗರಿ:

ಗೀಸರ್ ಪ್ಲಗ್ಗೇ ಸರ್. ಹೋಗಿ ನೋಡಿದೆ, ಪ್ಲಗ್ಗಿನ ಮೂಲೆ ಕಂದು ಬಣ್ಣಕ್ಕೆ ತಿರುಗಿ ಸ್ವಲ್ಪ ಕರಗಿದೆ. ಎರಡು ದಿನ ನಿದ್ದೆ ಬರಲಿಲ್ಲ. ಬೇರೆ ಲೈನ್ ಹಾಕಿಸಿದೆ, ಲೋಡ್ ಅರ್ಜಿಯೂ ಕೊಟ್ಟೆ. ಕ್ಲ್ಯಾಂಪ್ ಮೀಟರಿನಲ್ಲಿ ಬೆಳಗ್ಗೆ 228 ವೋಲ್ಟಿಗೆ 22.5 ಆಂಪ್ಸ್ ಬಂತು. ಎಲೆಕ್ಟ್ರಿಷಿಯನ್ "ಇನ್ನೂ ಕೆಲವು ದಿನ ಓಡಿಸಿ" ಎಂದರು.

ಗೃಹಜ್ಯೋತಿಗೆ ಮಾತ್ರ ಕೈಮುಗಿದೆ. ಒಂದು ಗ್ಲೇಜ್ ಸುಡುವಿಕೆಗೆ 38 ಯೂನಿಟ್, ತಿಂಗಳಿಗೆ ನಾಲ್ಕು ಸಲ ಹಚ್ಚಿದರೆ ಮನೆ ಕರೆಂಟೂ ಸೇರಿ 200 ದಾಟುತ್ತದೆ, ದಾಟಿದರೆ ಪೂರ್ತಿ ಬಿಲ್ಲು. ಕಪ್ಪಿನ ರೇಟು ಹಾಕುವಾಗ ಇದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬೇರೆಯವರೂ ನೋಡಿಕೊಳ್ಳಿ.

ಹಳೇ ಭರಣಿ ಸರ್, ಚಿಕ್ಕಮ್ಮನ 12 ಕಪ್ಪು ಉಳಿಸಬಹುದಾ? ಅಥವಾ ಹೊಸದು ಮಾಡಿಕೊಡಲಾ?

ಹಳೇ ಭರಣಿ:

ಉಳಿಸಬಹುದು. ಮತ್ತೆ ಸುಡಿ. ಆದರೆ ಅವು ಎರಡು ತಿಂಗಳಿಂದ ನೀರು ಕುಡಿದಿವೆ, ನೇರ ಕಿಲ್ನಿಗೆ ಹಾಕಿ ಓಡಿಸಿದರೆ ಒಳಗಿನ ನೀರು ಉಗಿಯಾಗಿ ಗ್ಲೇಜನ್ನು ಸಿಪ್ಪೆ ಎಬ್ಬಿಸುತ್ತದೆ. ನಾಲ್ಕು ದಿನ ಬಿಸಿಲಿಗೆ ಇಡಿ. ಆಮೇಲೆ ಕಿಲ್ನಿನಲ್ಲಿ 90 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ನಿಲ್ಲಿಸಿ, ಮುಚ್ಚಳ ಒಂದು ಬೆರಳಷ್ಟು ತೆರೆದಿರಲಿ. ಕಿಲ್ನಿನ ಒಳಗೆ ನೋಡುವ ತೂತಿನ ಹತ್ತಿರ ಒಂದು ಕನ್ನಡಿ ಹಿಡಿದರೆ ಮಂಜು ಕಟ್ಟುತ್ತದೆ. ಮಂಜು ಕಟ್ಟುವುದು ನಿಂತ ಮೇಲೆ ಮುಚ್ಚಿ ಏರಿಸಿ. 573 ಡಿಗ್ರಿ ಆಸುಪಾಸು ನಿಧಾನಕ್ಕೆ ದಾಟಿ, ಅಲ್ಲಿ ಕ್ವಾರ್ಟ್ಸ್ ದಿಢೀರನೆ ಹಿಗ್ಗುತ್ತದೆ, ಇಳಿಯುವಾಗ ಅಲ್ಲೇ ಕುಗ್ಗುತ್ತದೆ. ಅವಸರಪಟ್ಟು ಮುಚ್ಚಳ ತೆಗೆದವರ ಕಪ್ಪು ಎರಡು ಹೋಳಾಗುವುದು ಇದರಿಂದಲೇ.

ಮೇಲೆ 1222 ಮುಟ್ಟಿದ ಮೇಲೆ 15, 20 ನಿಮಿಷ ಅಲ್ಲೇ ನಿಲ್ಲಿಸಿ. ಆ ನಿಲುಗಡೆಯೇ ಕೆಳಗಿನ ಶೆಲ್ಫನ್ನು ಮೇಲಿನ ಶೆಲ್ಫಿನ ಹತ್ತಿರ ತರುವುದು. ಕೆಳಗೆ ಸಾಮಾನು ಸ್ವಲ್ಪ ಬಿಡಿಬಿಡಿಯಾಗಿ ಇಡಿ, ಮೇಲೆ ಒತ್ತಾಗಿ. ಕೋನ್ ನೋಡಲು ತೂತಿನಲ್ಲಿ ಬರಿಗಣ್ಣು ಇಡಬೇಡಿ, ವೆಲ್ಡಿಂಗಿನವರು ಹಾಕುವ ಕಪ್ಪು ಗಾಜು ಹಿಡಿದುಕೊಳ್ಳಿ. ಸಣ್ಣ ಕೋನ್ ನಿಲ್ಲಿಸಲು ಮಣ್ಣಿನ ಉಂಡೆ ಮಾಡುತ್ತೀರಲ್ಲ, ಅದಕ್ಕೆ ಸೂಜಿಯಿಂದ ತೂತು ಮಾಡಿ ಒಣಗಿಸಿ ಇಡಿ. ನನ್ನದೊಂದು ಹಸಿ ಉಂಡೆ ಸಿಡಿದು ಅದರ ಚೂರುಗಳು ಆರು ತಟ್ಟೆ ಮೇಲೆ ಎಳ್ಳಿನ ಹಾಗೆ ಕೂತಿದ್ದವು.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಶೆಡ್ಡನ್ನು ಪೊರಕೆಯಲ್ಲಿ ಗುಡಿಸುತ್ತೀರಾ? ನಿಲ್ಲಿಸಿ. ಒಣ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಹೋದದ್ದು ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ. ಗ್ಲೇಜ್ ಪುಡಿ ಕಲಸುವಾಗ ಎನ್95 ಮಾಸ್ಕ್ ಹಾಕಿ. ಮಣ್ಣಿನ ನೀರನ್ನು ಚರಂಡಿಗೆ ಬಿಡಬೇಡಿ, ಬಕೆಟ್ಟಿನಲ್ಲಿ ಇಟ್ಟು ತಿಳಿ ನೀರು ಗಿಡಕ್ಕೆ ಹಾಕಿ, ತಳದ ಮಣ್ಣು ಮತ್ತೆ ನಾದಿಕೊಳ್ಳಿ.

ಬೋಗಾದಿ ತಿಗರಿ:

ಮೂರು ವಾರ ಆಯಿತು, ಏನಾಯಿತು ಎಂದು ಹೇಳಲು ಬಂದೆ.

ರಾತ್ರಿ ಹತ್ತೂವರೆಗೆ ಹಚ್ಚಿದೆ. ಮೊದಲು 90ರಲ್ಲಿ ನಾಲ್ಕು ಗಂಟೆ, ಕನ್ನಡಿಗೆ ಮಂಜು ಕಟ್ಟಿದ್ದು ನೋಡಿ ಗಾಬರಿಯೇ ಆಯಿತು, ಅಷ್ಟು ನೀರು ಕುಡಿದಿದ್ದವು. ಬೆಳಗ್ಗೆ ಹತ್ತೂಕಾಲಿಗೆ 1222, ಅಲ್ಲಿಂದ 20 ನಿಮಿಷ. ಮಾರನೇ ದಿನ ಬೆಳಗ್ಗೆ ಮೀಟರ್ 100ಕ್ಕಿಂತ ಕೆಳಗೆ ಬರುವವರೆಗೆ ಮುಚ್ಚಳ ಮುಟ್ಟಲಿಲ್ಲ, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಮೇಲಿನ ಶೆಲ್ಫಿನಲ್ಲಿ 6 ಪೂರ್ತಿ ಬಾಗಿ ತುದಿ ನೆಲ ಮುಟ್ಟಿದೆ. ಕೆಳಗೆ 6 ಅರ್ಧಕ್ಕಿಂತ ಜಾಸ್ತಿ ಬಾಗಿದೆ. ಕೆಳಗಿನ ಶೆಲ್ಫಿನಲ್ಲೇ ಇಟ್ಟಿದ್ದ ಹೊಸ ತಟ್ಟೆ ಒಣಗಿದಾಗ 208, ಕುದಿಸಿದ ಮೇಲೆ 211. 1.4 ಶೇಕಡಾ!

12ರಲ್ಲಿ 11 ಉಳಿದವು. ಒಂದರ ಹಿಡಿ ಬಿರಿದಿದೆ, ಅದು ಮೊದಲೇ ಬಿರಿದಿತ್ತೋ ಏನೋ. ಗ್ಲೇಜು ಈಗ ಹೊಳೆಯುತ್ತಿದೆ, ಹಳೆ ಗೆರೆಗಳೆಲ್ಲ ಕರಗಿ ಮುಚ್ಚಿಕೊಂಡಿವೆ. ತಟ್ಟಿದರೆ ಠಣ್. ಅತ್ತೆ ಅಟ್ಟದಿಂದ ನಿಜಕ್ಕೂ ಜಾಡಿ ಇಳಿಸಿ ತಂದು ಎರಡನ್ನೂ ಪಕ್ಕಪಕ್ಕ ತಟ್ಟಿ ನೋಡಿದರು.

ಆದರೆ ಹೊಸ ಬ್ಯಾಚಿನಲ್ಲಿ ಮೂರು ಕಪ್ಪಿನ ಮೇಲೆ ತೆಗೆದ ದಿನವೇ ಗೆರೆ ಬಂದಿದೆ. ರ‍್ಯಾಕಿನ ಮೇಲೆ ಕೂತಿದ್ದಾಗ ಟಿಣ್ ಟಿಣ್ ಎಂದು ಸದ್ದು ಮಾಡುತ್ತಿದ್ದವು. ಮೈ ಬೆಂದಿದೆ, ಆದರೂ ಯಾಕೆ?

ಹಳೇ ಭರಣಿ:

ಇದು ಬೇರೆ ಕಾಯಿಲೆ. ತೆಗೆದ ದಿನವೇ ಬಂದರೆ ತೇವದ್ದಲ್ಲ, ಗ್ಲೇಜಿಗೂ ಮಣ್ಣಿಗೂ ಹೊಂದಾಣಿಕೆ ಇಲ್ಲ. ತಣ್ಣಗಾಗುವಾಗ ಗ್ಲೇಜು ಮೈಗಿಂತ ಜಾಸ್ತಿ ಕುಗ್ಗುತ್ತದೆ, ಬಿಗಿ ಅಂಗಿ ಹೊಲಿಗೆ ಬಿಡುವ ಹಾಗೆ ಬಿರಿಯುತ್ತದೆ. ಮೊದಲು ಆ ಮೂರರಲ್ಲಿ ಗ್ಲೇಜು ದಪ್ಪ ಕೂತಿದೆಯಾ ನೋಡಿ. ದಪ್ಪ ಇದ್ದರೆ ತೆಳು ಹಚ್ಚಿದರೇ ಸಾಕಾಗಬಹುದು. ಇಲ್ಲದಿದ್ದರೆ 100 ಗ್ರಾಂ ಒಣ ಗ್ಲೇಜ್ ಪುಡಿಗೆ 5 ಗ್ರಾಂ ಸಣ್ಣ ಕ್ವಾರ್ಟ್ಸ್ ಪುಡಿ ಸೇರಿಸಿ ಒಂದು ಬಿಲ್ಲೆ, 10 ಸೇರಿಸಿ ಒಂದು ಬಿಲ್ಲೆ, 15 ಸೇರಿಸಿ ಒಂದು. ಸುಟ್ಟು, ಕುದಿಯುವ ನೀರಿನಲ್ಲಿ ಐದು ನಿಮಿಷ, ತಕ್ಷಣ ಐಸ್ ನೀರಿಗೆ. ಮೂರು ಸಲ ಹೀಗೆ ಮಾಡಿ ಮೇಲೆ ಇಂಕು ಸವರಿ ಒರೆಸಿ. ಗೆರೆ ಇದ್ದರೆ ಇಂಕು ಹೇಳುತ್ತದೆ. ಗೆರೆ ಬರದ ಅತಿ ಕಮ್ಮಿ ಪ್ರಮಾಣ ಯಾವುದೋ ಅದು ನಿಮ್ಮದು. ಜಾಸ್ತಿ ಹಾಕಿದರೆ ಗ್ಲೇಜು ಸರಿಯಾಗಿ ಕರಗದೆ ಒರಟಾಗುತ್ತದೆ.

ಮದ್ದೂರು ಕಡೆಯವನು:

ಕ್ವಾರ್ಟ್ಸ್ ಬದಲು ಭತ್ತದ ಹೊಟ್ಟಿನ ಬೂದಿ ಹಾಕಬಹುದಾ? ನಮ್ಮ ಕಡೆ ರೈಸ್ ಮಿಲ್ಲಿನ ಹಿಂದೆ ಗುಡ್ಡೆ ಗುಡ್ಡೆ ಬಿದ್ದಿದೆ, ಬೇಕಾದವರಿಗೆ ಪುಕ್ಕಟೆ.

ಹಳೇ ಭರಣಿ:

ಹಾಕಬಹುದು, ಅದರಲ್ಲಿ ಇರುವುದು ಹೆಚ್ಚಾಗಿ ಸಿಲಿಕಾನೇ. ಕಪ್ಪು ಬೂದಿ ಬೇಡ, ಅದರಲ್ಲಿ ಇದ್ದಿಲು ಉಳಿದಿರುತ್ತದೆ, ಗ್ಲೇಜಿನಲ್ಲಿ ಗುಳ್ಳೆ ಏಳುತ್ತದೆ. ಬಿಸ್ಕ್ (ಗ್ಲೇಜ್ ಹಾಕುವ ಮುಂಚಿನ ಮೊದಲ ಸುಡುವಿಕೆ) ಜೊತೆ ಒಂದು ಬಟ್ಟಲಲ್ಲಿ ಇಟ್ಟು ಬೆಳ್ಳಗಾಗುವ ತನಕ ಸುಟ್ಟು, ಜರಡಿ ಹಿಡಿದು, ಮಾಸ್ಕ್ ಹಾಕಿಕೊಂಡು ಬಳಸಿ. ಲೋಡಿಂದ ಲೋಡಿಗೆ ವ್ಯತ್ಯಾಸ ಇರುತ್ತದೆ, ಹಾಗಾಗಿ ಒಂದೇ ಸಲ ಒಂದು ಚೀಲ ತುಂಬಿಸಿಟ್ಟುಕೊಳ್ಳಿ. ಬೋಗಾದಿ ಮೇಡಂ, ದಸರಾ ಆರ್ಡರಿಗೆ ಮಾತ್ರ ಇದನ್ನು ಪ್ರಯೋಗ ಮಾಡಬೇಡಿ.

ಬೋಗಾದಿ ತಿಗರಿ:

ಇಲ್ಲ ಇಲ್ಲ, ದಸರಾಗೆ ಕ್ವಾರ್ಟ್ಸೇ. 10 ಗ್ರಾಂ ಬಿಲ್ಲೆಗೆ ಇಂಕು ಹಿಡಿಯಲಿಲ್ಲ. 40ಕ್ಕೆ 46 ತಿರುಗಿಸಿದ್ದೇನೆ, 31 ಒಣಗಿವೆ, ಉಳಿದವು ಪ್ಲಾಸ್ಟಿಕ್ ಹೊದ್ದು ಬೋರಲು ಮಲಗಿವೆ. ಮದ್ದೂರಿನವರೇ, ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಬರುತ್ತೇನೆ. ಬೂದಿ ಒಂದು ಚೀಲ, ಕೆರೆ ಮಣ್ಣು ಒಂದು ಬಕೆಟ್ ಇಟ್ಟಿರಿ. ನಿಮ್ಮ ತಂದೆಯವರಿಗೆ ಕಾಫಿ ಕುಡಿಯಲು ಒಂದು ಕಪ್ ತರುತ್ತೇನೆ, ಸೊಟ್ಟ ಹಿಡಿಯದು ಪರವಾಗಿಲ್ಲ ಅಲ್ವಾ?